ನರ್ಸಬಾಯಿಯ ಗರಗಸ

ಅವರು ತೀರಿಕೊಂಡ ಸುದ್ದಿ ನನಗೆ ಗೋಣಿಚೀಲದಲ್ಲಿ ಬಂತು. ಕೆಂಭಾವಿ ಬಜಾರದಲ್ಲಿರುವ ನನ್ನ ಫೋಟೋ ಸ್ಟುಡಿಯೋದ ಕಟ್ಟೆಯ ಮೇಲೆ ಶಹಾಪುರದ ಟಂಟಂ ಚಾಲಕನೊಬ್ಬ ಚೀಲ ಇಳಿಸಿ ಮುಖ ಒರೆಸಿಕೊಂಡ.

"ನರ್ಸಬಾಯಾರು ಹೋದ್ರಂತ್ರಿ. ಇದು ನಿಮ್ಮ ಮನಿಯಾಕಿಗೆ ಮುಟ್ಟಿಸಬೇಕಂತ ಹೇಳಿದ್ರಂತ. ಒಳಗ ಏನದರಿ ಇದು? ಹಾದಿ ತುಂಬ ನಾಯಿ ಬೆನ್ನ ಹತ್ತಿದ್ವು."

ಚೀಲದಿಂದ ಪೆಟ್ರೋಲು ಮತ್ತು ಕುಸುಬಿ ಎಣ್ಣೆಯ ವಾಸನೆ ಒಟ್ಟಿಗೆ ಬರುತ್ತಿತ್ತು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಮರ ಕೊಯ್ಯುವ ಮಷೀನಿಗೆ ಅಡುಗೆಯ ಎಣ್ಣೆ ಹಾಕುತ್ತಿದ್ದವರು ಈ ಭಾಗದಲ್ಲಿ ಒಬ್ಬರೇ. ಅವರು ಕೊಯ್ಯತೊಡಗಿದರೆ ಓಣಿಯಲ್ಲಿ ಯಾರೋ ಭಜಿ ಕರಿಯುತ್ತಿದ್ದಾರೆ ಅನ್ನಿಸುತ್ತಿತ್ತು.

ಅವರು ಸರಕಾರಿ ದವಾಖಾನೆಯ ನರ್ಸ್ ಆಗಿದ್ದರು. ಹೆಸರು ಹೇಳುವುದಿಲ್ಲ. ಹೇಳಿದರೆ ಅವರನ್ನು ಬಲ್ಲವರಿಗೂ ಗುರುತು ಹತ್ತಲಿಕ್ಕಿಲ್ಲ. ಎಲ್ಲರಿಗೂ ಅವರು ನರ್ಸಬಾಯಿ. ನಮ್ಮ ಸುತ್ತಿನ ಎಷ್ಟೋ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವರದು. ಆಮೇಲೆ ಅದೇ ಜನರ ಅಂಗಳದ ಮರಗಳನ್ನೂ ಕತ್ತರಿಸಿದರು. ಎರಡರಲ್ಲೂ ಅವರಿಗೆ ಒಂದೇ ಬಗೆಯ ಸಿಟ್ಟು, ಒಂದೇ ಬಗೆಯ ನಾಜೂಕು.

ನೆನಪನ್ನು ನಾನು ನಂಬುವುದಿಲ್ಲ. ಫೋಟೋ ತೆಗೆಯುವವನಾದ್ದರಿಂದ ಫೋಟೋವನ್ನು ಇನ್ನೂ ಕಡಿಮೆ ನಂಬುತ್ತೇನೆ. ಅವರದೊಂದು ಫೋಟೋ ನನ್ನಲ್ಲಿದೆ. ಅವರ ನಿವೃತ್ತಿಯ ಸಮಯದ್ದು. ಪಿಂಚಣಿಯ ಕಾಗದಕ್ಕೆ ಗಂಡ-ಹೆಂಡತಿಯ ಜಂಟಿ ಫೋಟೋ ಹಚ್ಚಬೇಕು ಎಂದು ಯಾರೋ ಹೇಳಿದ್ದರಂತೆ. ಬಾಯಿಯವರಿಗೆ ಮದುವೆಯಾಗಿರಲಿಲ್ಲ. ನೆಟ್ಟಗೆ ಸ್ಟುಡಿಯೋಕ್ಕೆ ಬಂದು ಕುರ್ಚಿಯಲ್ಲಿ ಕೂತರು.

"ಜಂಟಿ ಫೋಟೋ ತೆಗಿ."

"ಯಾರ ಜೋಡಿ ರೀ?"

ಹೊರಗೆ ಹೋಗಿ ಮೊಪೆಡ್ಡಿನ ಹಿಂದೆ ಕಟ್ಟಿದ್ದ ಗರಗಸ ಬಿಚ್ಚಿ ತಂದು ಪಕ್ಕದ ಕುರ್ಚಿಯ ಮೇಲಿಟ್ಟರು. "ಹದಿನಾಕು ವರ್ಷ ಇದರ ಜೋಡಿ ಬಾಳೇವು ಮಾಡೀನಿ. ನಿಮ್ಮೂರ ಗಂಡಸರಕಿಂತ ಛಲೋ ಅದ. ಸಾಕು ಅಂದ್ರ ಬಂದ್ ಆಗ್ತದ. ಎಲ್ಲಿ, ನಾ ಯಾವ ಕಡಿ ಕುಂಡ್ರಬೇಕು?"

"ಹೆಂಡ್ತಿ ಎಡಕ್ಕ ಕುಂಡ್ರತಾಳ್ರಿ."

"ಹಂಗಾರ ಅದನ್ನ ಎಡಕ್ಕ ಇಡು."

ಅವರು ಅಂದು ಗರಗಸದ ಮೇಲೆ ಕೈಯಿಟ್ಟು ನಕ್ಕರು ಎಂದು ನನಗೆ ಚೆನ್ನಾಗಿ ನೆನಪಿದೆ. ಫೋಟೋದಲ್ಲಿ ಅವರ ಕೈ ಅವರ ತೊಡೆಯ ಮೇಲೇ ಇದೆ. ಮುಖ ಅಲುಗಿ ಮಸುಕಾಗಿದೆ. ನಕ್ಕಿದ್ದಕ್ಕೆ ಅಲುಗಿತೋ, ಸೀನು ಬಂತೋ ತಿಳಿಯುವಂತಿಲ್ಲ. ಗರಗಸ ಮಾತ್ರ ಹಲ್ಲು ಹಲ್ಲೂ ಎಣಿಸುವಷ್ಟು ಸ್ಪಷ್ಟ.

ಅದು ಅವರ ಕೈಗೆ ಬಂದದ್ದು ಹೇಗೆ ಎಂಬುದಕ್ಕೆ ಮೂರು ಕಥೆಗಳಿವೆ. ಮೂರನ್ನೂ ಅವರೇ ಹೇಳಿದ್ದು. ಒಂದರಲ್ಲಿ, ಕಾಲುವೆ ಕೆಲಸದ ಗುತ್ತಿಗೆದಾರರ ಬಿಡಾರದಲ್ಲಿ ಮೇಸ್ತ್ರಿಯ ಹೆಂಡತಿಗೆ ಟ್ರ್ಯಾಕ್ಟರ್ ಟ್ರಾಲಿಯಲ್ಲೇ ಅವಳಿ-ಜವಳಿ ಹೆರಿಗೆ ಮಾಡಿಸಿದರು. ಏನು ಬೇಕೋ ಕೇಳ್ರಿ ಎಂದಾಗ, ಸೀರೆ ಕೇಳುತ್ತಾರೆಂದು ಎಲ್ಲರೂ ಕಾದಿದ್ದರೆ, ಮೂಲೆಯಲ್ಲಿದ್ದ ಗರಗಸಕ್ಕೆ ಬೆರಳು ತೋರಿಸಿದರು. ಇನ್ನೊಂದರಲ್ಲಿ, ಅದನ್ನು ನಡೆಸುವವ ಕಾಲಿಗೆ ಬಡಿಸಿಕೊಂಡು ದವಾಖಾನೆಗೆ ಬಂದ. ಹೊಲಿಗೆ ಹಾಕಿ, ಮತ್ತೆ ಬರಬಾರದೆಂದು ಗರಗಸವನ್ನೇ ಕಸಿದಿಟ್ಟುಕೊಂಡರು. ಮೂರನೆಯದರಲ್ಲಿ, ಕಾಲುವೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಕೆಸರಿನೊಳಗೆ ಸಿಕ್ಕಿತು. ಮೂರೂ ಸುಳ್ಳಿರಬಹುದು. ಮೂರೂ ಖರೆ ಇದ್ದರೂ ನನಗೆ ತೊಂದರೆಯಿಲ್ಲ.

ಅಂಥದೊಂದು ಗರಗಸ ಬೇಕಾಗಿದ್ದದ್ದಂತೂ ಖರೆ. ಕಾಲುವೆ ಬರುವ ಮೊದಲು ನಮ್ಮ ಒಲೆಗಳಲ್ಲಿ ಉರಿಯುತ್ತಿದ್ದುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಅವನ್ನು ಮುರಿಯಲು ಮೊಣಕಾಲು ಸಾಕಿತ್ತು. ನೀರು ಬಂತು, ಹತ್ತಿ, ತೊಗರಿ ಹೋಗಿ ಭತ್ತ ಬಂತು. ಭತ್ತದ ಹುಲ್ಲಿನ ಉರಿಗೆ ಜೋಳದ ರೊಟ್ಟಿ ಬೇಯುವುದಿಲ್ಲ. ಕಾಲುವೆಯ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಗೋಡೆಯಂತೆ ಎದ್ದು ನಿಂತಿತ್ತು. ಅದಕ್ಕೆ ಕೊಡಲಿ ಹಾಕಿದವರು ಮುಳ್ಳು ಚುಚ್ಚಿಸಿಕೊಂಡು ಬಾಯಿಯವರ ಬಳಿಗೇ ಇಂಜೆಕ್ಷನ್ನಿಗೆ ಬರುತ್ತಿದ್ದರು. "ದಿನಾ ನಿಮ್ಮ ಮುಳ್ಳ ತಗಿಯೂದಕಿಂತ ಜಾಲೀನ ತಗದಬಿಡತೀನಿ" ಎಂದು ಅವರು ಒಂದು ಭಾನುವಾರ ಹೊರಟರು.

ದವಾಖಾನೆಯ ಪದ್ಧತಿಯನ್ನು ಅವರು ಬಿಡಲಿಲ್ಲ. ಸೂಜಿ ಕುದಿಸುವ ಪಾತ್ರೆಯಲ್ಲಿ ಗರಗಸದ ಚೈನು ಕುದಿಸುತ್ತಿದ್ದರು. ಅದು ತುಕ್ಕು ಹಿಡಿಯಿತು. ತುಕ್ಕಿಗೆ ಕುಸುಬಿ ಎಣ್ಣೆ ಸವರಿದರು. ಎಣ್ಣೆಗೆ ನಾಯಿಗಳು ಬಂದವು. ಕೈಗೆ ರಬ್ಬರಿನ ಗವಸು, ಮೂಗಿಗೆ ಬಿಳಿ ಬಟ್ಟೆ. ಕೊಯ್ಯುವ ಮೊದಲು, ಬಸುರಿಯರ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಕಾಂಡಕ್ಕೆ ಹಚ್ಚಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು. ಒಳಗೆ ಪೊಳ್ಳಿದೆಯೋ ಗಟ್ಟಿ ಇದೆಯೋ ತಿಳಿಯಲು ಎನ್ನುತ್ತಿದ್ದರು. ಗರಗಸ ಒಳಗಿಳಿಯುವಾಗ ಮರದ ಜೊತೆ ಮಾತಾಡುತ್ತಿದ್ದರು.

"ಉಸುರ ಬಿಡವ್ವಾ. ಆತು, ಆತು. ಇನ್ನೊಂದ್ ಜರಾ."

ಹೆರುವ ಹೆಂಗಸರಿಗೆ ಇಷ್ಟು ಮೃದುವಾಗಿ ಹೇಳಿದ್ದನ್ನು ಯಾರೂ ಕೇಳಿಲ್ಲ. ಅವರಿಗೆ ಬೈಗುಳವೇ.

ಇನ್ನು ಒಂದು ರಿವಾಜಿನ ಮಾತು. ಮನೆಯಲ್ಲಿ ಬಸುರಿ ಇದ್ದರೆ ಆ ಮನೆಯ ಹಸಿ ಮರಕ್ಕೆ ಕಬ್ಬಿಣ ತಾಗಿಸಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಬಾಯಿಯವರು ಇದನ್ನು ನಂಬುತ್ತಿದ್ದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆದರೆ ಪಾಲಿಸುತ್ತಿದ್ದರು. ತೊಂದರೆ ಏನೆಂದರೆ, ಯಾವ ಮನೆಯಲ್ಲಿ ಯಾರು ಬಸುರಿ ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಕೊಂಕಲ್‌ನಲ್ಲಿ ಒಬ್ಬರು ಹುಣಸೆ ಮರ ಕಡಿಸಲು ಕರೆಸಿದ್ದರು. ಸೊಸೆ ಚಹಾ ತಂದಿಟ್ಟು ಹೊರಳಿ ಹೋದಳು. ಬಾಯಿಯವರು ಅವಳ ನಡಿಗೆ ನೋಡಿದರು, ಚಹಾ ಕುಡಿದರು, ಗರಗಸವನ್ನು ಮತ್ತೆ ಮೊಪೆಡ್ಡಿಗೆ ಕಟ್ಟಿದರು.

"ಈಗ ಕಡಿಯಂಗಿಲ್ಲ. ಯುಗಾದಿ ಆದಮ್ಯಾಲ ಕರೀರಿ."

ಯುಗಾದಿಗೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಸುದ್ದಿ ಹಬ್ಬಿತು. ಅಂದಿನಿಂದ ದವಾಖಾನೆಯ ಚೀಟಿಯನ್ನು ಯಾರೂ ಕೇಳಲಿಲ್ಲ; ಗರಗಸ ಹತ್ತಿತೋ ಇಲ್ಲವೋ ಅಷ್ಟೇ ಕೇಳಿದರು. ಮದುವೆಯಾಗಿ ಎರಡು ತಿಂಗಳಾದ ಸೊಸೆಯಿರುವ ಮನೆಗಳಲ್ಲಿ ಮರ ಕಡಿಸುವ ಆತುರ ಹೆಚ್ಚಿತು. ಅಂಗಳದಲ್ಲಿ ಮರವಿಲ್ಲದ ಒಬ್ಬ ಮುದುಕಿ ಕುಂಡದಲ್ಲಿದ್ದ ಕರಿಬೇವಿನ ಸಸಿಯನ್ನು ಮುಂದಿಟ್ಟು, "ಇದನ್ನರೆ ಕಡೀರಿ, ಬಾಯಾರ" ಎಂದು ಬೇಡಿಕೊಂಡಳು. ಐದು ಹೆಣ್ಣುಮಕ್ಕಳ ತಂದೆಯೊಬ್ಬ ತನ್ನ ಜಾಲಿಯ ಎದುರು ಕೈಮುಗಿದು ನಿಂತಿದ್ದ. ಗರಗಸ ಗುರ್ ಎಂದದ್ದೇ ತಡ, "ಪಾರಾದೆ" ಎಂದು ಕಟ್ಟೆಯ ಮೇಲೆ ಕುಸಿದ.

ನನಗೂ ಶರಣಮ್ಮನಿಗೂ ಮದುವೆಯಾಗಿ ಆಗ ಎಂಟು ವರ್ಷ. ಮಕ್ಕಳಿರಲಿಲ್ಲ. ಅವ್ವ ಹತ್ತಿಕುಣಿಯ ಕಡೆ ಒಂದು ಹುಡುಗಿಯನ್ನು ನೋಡಿ ಬಂದಿದ್ದಳು, ನನಗಾಗಿ. ಮಾತು ಮುಗಿದಿತ್ತು. ಶರಣಮ್ಮ ಇದ್ದುಕೊಂಡೇ ಇನ್ನೊಬ್ಬಳು ಬರಬೇಕು. ಇರಲಾರೆನೆಂದರೆ ತವರಿಗೆ ಹೋಗಬೇಕು. ಇದನ್ನು ಯಾರೂ ಶರಣಮ್ಮನಿಗೆ ಹೇಳಿರಲಿಲ್ಲ, ಹೇಳದೆಯೂ ಇರಲಿಲ್ಲ. ನಾನು ಏನು ಹೇಳಿದೆ? ನೆನಪಿನಲ್ಲಿ ಬಹಳ ಹುಡುಕಿದ್ದೇನೆ. ಏನೂ ಸಿಗುವುದಿಲ್ಲ.

ನಮ್ಮ ಅಂಗಳದಲ್ಲಿ ಒಂದು ಬೇವಿನ ಮರ. ಅವ್ವನ ಯೋಚನೆ ಸರಳವಾಗಿತ್ತು: "ಬೇವು ತಗದ್ರ ಹಂದರಕ್ಕ ಜಾಗಾನೂ ಆತು, ಹುಗ್ಗಿ ಕುದಸಾಕ ಕಟಗೀನೂ ಆತು. ಈಗ ಕಡದ್ರ ಮದಿವಿ ಹೊತ್ತಿಗೆ ಒಣಗತದ." ಹುಗ್ಗಿಯ ಕೊಪ್ಪರಿಗೆಗೆ ದಪ್ಪ ಕೊರಡೇ ಬೇಕು. ದಪ್ಪ ಕೊರಡಿಗೆ ಬಾಯಿಯವರೇ ಬೇಕು. ಕರೆಸಿದೆವು.

ಮಧ್ಯಾಹ್ನದ ಮುಂಚೆ ಬಂದರು. ಒಳಗೆ ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಟ್ ಪಟ್ ಸದ್ದು ಅಂಗಳಕ್ಕೆ ಕೇಳುತ್ತಿತ್ತು.

"ಛಲೋ ಗಿಡ. ಯಾತಕ್ಕ ಕಡಸಾಕತ್ತೀರಿ?" ಎಂದು ಬಾಯಿಯವರು ಕೇಳಿದರು.

"ಮದಿವಿ ಅದರಿ" ಎಂದಳು ಅವ್ವ.

"ಯಾರದು?"

ಅವ್ವ ನನ್ನ ಕಡೆ ಗದ್ದ ತೋರಿದಳು.

"ಇವಂದಾ? ಇವಂದು ಆಗ್ಯದಲ್ಲ. ನಾನೇ ಉಂಡು ಹೋಗೀನಿ."

"ಆಗ್ಯದರಿ. ಎಂಟು ವರ್ಷ ಆತು, ತೊಟ್ಲಾ ಕಟ್ಟಲಿಲ್ಲ. ನಿಮಗ ಗೊತ್ತಿಲ್ಲದ್ದೇನದ?"

ಬಾಯಿಯವರು ಮೂಗಿನ ಬಟ್ಟೆ ಕೆಳಗೆಳೆದು ನನ್ನನ್ನು ನೋಡಿದರು. "ಫೋಟೋದವನ, ನೀ ಏನಂತಿ?"

ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಮರ ಬೀಳುವುದನ್ನು ತೆಗೆಯಬೇಕೆಂದು ಹಿಡಿದುಕೊಂಡಿದ್ದೆ. ಅದರ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.

"ಅವ್ವ ಅಂದಂಗ ರೀ" ಎಂದೆ.

ರೊಟ್ಟಿಯ ಸದ್ದು ನಿಂತಿತು.

ಬಾಯಿಯವರು ಮತ್ತೇನೂ ಕೇಳಲಿಲ್ಲ. ಕೊಳವೆಯನ್ನು ಬೇವಿಗೆ ಹಚ್ಚಿ ಕಿವಿಗೊಟ್ಟರು. ಬೇರೆ ಮರಗಳಿಗೆ ಎರಡು ಟಕ್ ಟಕ್ ಸಾಕಾಗುತ್ತಿತ್ತು. ಇದಕ್ಕೆ ಬಹಳ ಹೊತ್ತು ಬಗ್ಗಿ ನಿಂತರು. ಕಾಂಡದ ಸುತ್ತ ಮೂರು ಕಡೆ ಹಚ್ಚಿ ನೋಡಿದರು. ಅವ್ವ ಉಸಿರು ಹಿಡಿದಳು. ಓಣಿಯ ನಾಲ್ಕು ಜನ ಗೋಡೆಯ ಮೇಲಿಂದ ಇಣುಕಿದರು. ಬಾಯಿಯವರು ನೆಟ್ಟಗಾಗಿ ಕೊಳವೆಯನ್ನು ಚೀಲಕ್ಕೆ ಹಾಕಿದರು.

"ಕಡಿಯಂಗಿಲ್ಲ."

ಅವ್ವನ ಕೈ ಬಾಯಿಗೆ ಹೋಯಿತು. "ಅಂದ್ರ?"

"ಅಂದ್ರ ಕಡಿಯಂಗಿಲ್ಲ. ಒಳಗ ಯಾರರೆ ಅದೀರೇನು? ಒಂದು ತಂಬಿಗಿ ನೀರು ಕೊಡ್ರಿ."

ಶರಣಮ್ಮ ನೀರು ತಂದಳು. ಕೈ ತುಂಬ ಹಿಟ್ಟು. ಬಾಯಿಯವರು ಕುಡಿದರು, ಹೋದರು. ಅಂದು ಊಟಕ್ಕೆ ಕುಳಿತಾಗ ಒಂದು ರೊಟ್ಟಿ ಕಪ್ಪಗೆ ಸೀದಿತ್ತು. ನಾನು ಅದನ್ನು ಬದಿಗೆ ಸರಿಸಿದೆ.

ಸಂಜೆಯೊಳಗೆ ಹತ್ತಿಕುಣಿಗೆ ಮದುವೆ ನಿಂತಿತೆಂದು ಹೇಳಿ ಕಳಿಸಿದ್ದಾಯಿತು. ಆ ಹುಡುಗಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಅದರ ಫೋಟೋ ತೆಗೆದವನು ನಾನೇ. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ. ಈ ಒಂದು ಫೋಟೋವನ್ನು ಮಾತ್ರ ನಾನು ನಂಬುತ್ತೇನೆ.

ಮನೆಯಲ್ಲಿ ಶರಣಮ್ಮನ ರೊಟ್ಟಿಗೆ ತುಪ್ಪ ಬಿತ್ತು. ಕೊಡ ಹೊರುವ ಕೆಲಸ ನನಗೆ ಬಂತು.

"ನನಗೇನೂ ಆಗಿಲ್ರಿ, ಅತ್ತಿ" ಎಂದಳು ಶರಣಮ್ಮ.

"ನಿನಗೇನ ಗೊತ್ತದ? ಬಾಯಾರು ಅಂದಾರಂದ್ರ ಆಗ್ಯದ."

ತಿಂಗಳಾಗುತ್ತಲೇ ಶರಣಮ್ಮನಿಗೆ ಏನೂ ಆಗಿಲ್ಲವೆಂಬುದು ಎಲ್ಲರಿಗೂ ತಿಳಿದುಹೋಯಿತು. ಆದರೆ ಬಾಯಿಯವರು ತಪ್ಪುವವರಲ್ಲ. ಹಾಗಾದರೆ ಬಸುರಿ ಯಾರು? ಮನೆಯಲ್ಲಿದ್ದದ್ದು ಇಬ್ಬರೇ ಹೆಂಗಸರು. ಓಣಿಯವರು ಅವ್ವನ ಹೊಟ್ಟೆಯ ಕಡೆ ನೋಡತೊಡಗಿದರು. ಅವಳಿಗಾಗ ಐವತ್ತು ದಾಟಿತ್ತು, ಅಪ್ಪ ತೀರಿ ಒಂಬತ್ತು ವರ್ಷವಾಗಿತ್ತು. ಕಿರಾಣಿ ಅಂಗಡಿಯವನು ಕೇಳದೆಯೇ ಹುಣಸೆಹಣ್ಣು ಕಟ್ಟಿಕೊಟ್ಟನೆಂದು ಅವ್ವ ಅವನೊಡನೆ ಜಗಳವಾಡಿ ಬಂದಳು. ಒಂದು ದಿನ ಸೆರಗು ಮುಖಕ್ಕೆಳೆದುಕೊಂಡು ದವಾಖಾನೆಗೆ ಹೋದಳು. ಏನು ಮಾತಾಯಿತೋ ತಿಳಿಯದು. ಕೆಂಪು ಮುಖ ಮಾಡಿಕೊಂಡು ಮರಳಿ, "ಕೆಲವ್ರಿಗೆ ತಡಾ ಆಗ್ತದಂತ. ತಿಂಗಳಾ ಬಾಯಾರಿಗೆ ತೋರಿಸಿಕೊಂಡ ಬಾ" ಎಂದು ಶರಣಮ್ಮನಿಗೆ ಅಪ್ಪಣೆ ಮಾಡಿದಳು. ಎರಡನೆಯ ಮದುವೆಯ ಮಾತು ಮತ್ತೆ ಆಡಲಿಲ್ಲ.

ಶರಣಮ್ಮ ಪ್ರತಿ ತಿಂಗಳೂ ತಪಾಸಣೆಗೆ ಹೋಗತೊಡಗಿದಳು. ಮರಳಿ ಬಂದಾಗ ಅವಳ ತಲೆಗೂದಲಲ್ಲಿ ಕಟ್ಟಿಗೆಯ ಪುಡಿ ಇರುತ್ತಿತ್ತು. ಅಂಗೈಯಲ್ಲಿ ಗುಳ್ಳೆ. ಒಮ್ಮೆ ಮೈಯಿಂದ ಭಜಿಯ ವಾಸನೆ ಬಂತು. ಇದೆಂಥ ತಪಾಸಣೆ ಎಂದು ನಾನು ಕೇಳಲಿಲ್ಲ. ಕೇಳುವ ಬಾಯಿ ನನ್ನದಲ್ಲ ಎಂದು ಆ ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನೂ ಒಮ್ಮೆ ಬಾಯಿಯವರ ಕ್ವಾರ್ಟರ್ಸಿಗೆ ಹೋದೆ. ಅವರು ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಒಂದೊಂದೇ ಹಲ್ಲು ಉಜ್ಜುತ್ತಿದ್ದರು.

"ಬಾಯಾರ, ನಮ್ಮ ಮನ್ಯಾಗ ಬಸುರಿ ಯಾರ್ರಿ?"

"ನನಗೇನ ಕೇಳತಿ? ನಾ ಯಾರ ಹೆಸರೂ ಹೇಳಿಲ್ಲ. ಗಿಡ ಕಡಿಯಂಗಿಲ್ಲ ಅಂದೆ, ಅಷ್ಟ."

"ಯಾಕ ಅಂದ್ರಿ?"

ಅರ ನಿಂತಿತು. "ಬ್ಯಾಡ ಅನ್ನೂ ಒಂದು ಮಾತು ನಿನ್ನ ಬಾಯಾಗಿಂದ ಬರಬೇಕಿತ್ತು. ನೀ ಕ್ಯಾಮರಾದ ಮುಚ್ಚಳಾ ತಗದಿ, ಹಾಕಿದಿ. ನಿನ್ನ ಮಾತು ನಾ ಆಡಿದೆ. ಈಗ ಹೋಗಿ ನಿಮ್ಮವ್ವಗ ನೀನೇ ಹೇಳು, ಮದಿವಿ ಬ್ಯಾಡ ಅಂತ. ಹೇಳಿ ಬಾ, ನಾಳೇನ ಬಂದು ಕಡೀತೀನಿ."

ಹೇಳುತ್ತೇನೆಂದು ಹೊರಟೆ. ಹೇಳಲಿಲ್ಲ. ಮದುವೆ ಹೇಗೂ ನಿಂತಿದೆಯಲ್ಲ, ಇನ್ನು ಹೇಳುವುದೇನು ಎಂದುಕೊಂಡೆ. ಬೇವು ನಿಂತೇ ಇತ್ತು.

ಯಾರೂ ಹುಟ್ಟಲಿಲ್ಲ. ಹಾಗೆಂದು ಬಾಯಿಯವರು ಬಂದು ತಮ್ಮ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ಹೀಗೆ ನಮ್ಮ ಮನೆ ಊರ ಲೆಕ್ಕದಲ್ಲಿ ಬಸುರಿಯಾಗಿಯೇ ಉಳಿಯಿತು. ಒಂಬತ್ತು ತಿಂಗಳು, ಒಂಬತ್ತು ವರ್ಷ. ದಾರಿ ಕೇಳಿದವರಿಗೆ "ಬಸುರಿ ಮನೀ ಬಾಜೂಕ" ಎನ್ನುತ್ತಿದ್ದರು. ಬಾಯಿಯವರು ನಿವೃತ್ತರಾಗಿ, ಗರಗಸದ ಜೊತೆ ಜಂಟಿ ಫೋಟೋ ತೆಗೆಸಿಕೊಂಡು ಶಹಾಪುರಕ್ಕೆ ಹೋದರು. ಅಂದು ಸ್ಟುಡಿಯೋದ ಮೆಟ್ಟಿಲು ಇಳಿಯುವಾಗ ಹೊರಳಿ, "ಹೇಳಿದೇನು?" ಎಂದು ಕೇಳಿದರು. ಹತ್ತು ವರ್ಷದ ಹಿಂದಿನ ಮಾತು. ನಾನು ಕ್ಯಾಮೆರಾ ಒರೆಸುತ್ತಿದ್ದೆ. ಅವರು ಮೊಪೆಡ್ ಚಾಲೂ ಮಾಡಿದರು. ಅವ್ವ ಆ ಮುಂದಿನ ವರ್ಷ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಶರಣಮ್ಮನ ಕೈ ಹಿಡಿದು, "ಭಾರ ಎತ್ತಬ್ಯಾಡವ್ವಾ" ಎಂದಳು. ಅವಳಿಗೆ ಮರೆವು ಬಂದಿತ್ತೋ, ನಂಬಿಕೆಯಿತ್ತೋ.

ಈಗ ಗೋಣಿಚೀಲ. ಅದರಲ್ಲಿ ಗರಗಸ, ಒಂದು ಅರ, ಆ ಮರದ ಕೊಳವೆ. ಚೀಟಿ ಗೀಟಿ ಏನೂ ಇರಲಿಲ್ಲ. ಶರಣಮ್ಮ ಅದನ್ನು ನೋಡಿ ಅಳಲಿಲ್ಲ. ಚೈನನ್ನು ಬೆರಳಿನಿಂದ ಮುಟ್ಟಿ, "ಸಡ್ಲ ಆಗ್ಯದ" ಎಂದಳಷ್ಟೇ. ಅವಳಿಗೆ ಈಗ ಐವತ್ತರ ಹತ್ತಿರ.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇವಿನ ಬುಡದಲ್ಲಿ ನಿಂತಿದ್ದಳು. ಮರ ಎರಡು ವರ್ಷದಿಂದ ತುದಿಯಿಂದ ಒಣಗುತ್ತ ಬಂದು ಪಕ್ಕದ ಮನೆಯ ತಗಡಿನ ಕಡೆ ವಾಲಿತ್ತು. ಮೇಲಿನ ಕೊಂಬೆಗೆ ಆಗಲೇ ಹಗ್ಗ ಕಟ್ಟಿದ್ದಳು.

"ಏನ್ ಮಾಡಾಕತ್ತಿ?"

"ಕಾಣವಲ್ದೇನು?"

"ಬ್ಯಾಡ, ಶರಣಿ."

ಅವಳು ನಿಧಾನ ಹೊರಳಿದಳು. "ಏನಂದ್ರಿ?"

"ಬ್ಯಾಡ ಅಂದೆ."

"ಈಗ ಅಂತೀರಿ?"

ಅವಳು ಬಗ್ಗಿ ಗರಗಸದ ಚೈನು ಬಿಗಿ ಮಾಡಿದಳು.

"ಇಪ್ಪತ್ತೆರಡು ವರ್ಷದ ಹಿಂದ ಇದ ಗಿಡದ ಬುಡಕ ನಿಂತು ಬಾಯಾರು ನಿಮಗ ಕೇಳಿದ್ರು. ನಾ ಒಲಿ ಮುಂದ ಕುಂತಿದ್ದೆ. ನೀವು ಏನಂತೀರಂತ ಕೇಳಕೋತ ಕುಂತು ರೊಟ್ಟಿ ಹೊತ್ತಿಸಿದೆ. ಅದನ್ನೂ ನೀವು ತಿನ್ನಲಿಲ್ಲ. ನಾ ತಿಂದೆ."

ಇದು ನನಗೆ ಗೊತ್ತಿರಲಿಲ್ಲ. ಬದಿಗೆ ಸರಿಸಿದ ರೊಟ್ಟಿ ಆಮೇಲೆ ಎಲ್ಲಿಗೆ ಹೋಯಿತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಅವಳು ಕೊಳವೆಯನ್ನು ಬೇವಿಗೆ ಹಚ್ಚಿ ಕಿವಿಗೊಟ್ಟಳು. ಟಕ್ ಟಕ್. ಗೋಡೆಯ ಮೇಲಿಂದ ಪಕ್ಕದ ಮನೆಯವನು ಇಣುಕಿ, "ಏನವ್ವಾ, ಬಸುರಿ ಮನಿ! ಕಡೀತೀರೋ ಹೆಂಗ?" ಎಂದ.

"ತಿಂಗಳಾ ತುಂಬ್ಯಾವಣ್ಣಾ" ಎಂದಳು ಶರಣಮ್ಮ. ಕೊಳವೆಯನ್ನು ನನ್ನ ಜೇಬಿಗೆ ಹಾಕಿ, ಹಗ್ಗದ ತುದಿ ನನ್ನ ಕೈಗೆ ಕೊಟ್ಟಳು. "ಹೊಲದ ಕಡಿ ಜಗ್ಗಿ ಹಿಡೀರಿ. ಏನಾದ್ರೂ ಬಿಡಬ್ಯಾಡ್ರಿ."

ಮೊದಲ ಸಲ ಎಳೆದಾಗ ಗರಗಸ ಕೆಮ್ಮಿತು. ಎರಡನೆಯ ಸಲವೂ. ಮೂರನೆಯ ಸಲಕ್ಕೆ ಎದ್ದಿತು. ಓಣಿಯ ನಾಯಿಗಳೆಲ್ಲ ನಮ್ಮ ಬಾಗಿಲಿಗೆ ಬಂದವು. ಎಣ್ಣೆಯ ಹೊಗೆಯ ನಡುವೆ ಅವಳ ತುಟಿ ಅಲುಗುವುದು ಕಂಡಿತು. ಅಷ್ಟು ಸದ್ದಿನಲ್ಲಿ ಮಾತು ಕೇಳಿಸಿತೆಂದರೆ ಸುಳ್ಳಾಗುತ್ತದೆ. ಆದರೂ ಕೇಳಿಸಿತು:

"ಉಸುರ ಬಿಡವ್ವಾ. ಆತು, ಆತು. ಇನ್ನೊಂದ್ ಜರಾ."

ಹಗ್ಗ ಅಂಗೈ ಕೊಯ್ಯುತ್ತಿತ್ತು. ನಾನು ಬಿಡಲಿಲ್ಲ.